ಯಾವ ಸೇತುವೆ ಮೊದಲು?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿಂತವರು ನಾಡುನುಡಿಗಳ ವಿಚಾರವಾಗಿ ಮಾತನಾಡುವುದು ನಮ್ಮಲ್ಲಿ ವಾಡಿಕೆ. ಇಂದು ಆ ವಾಡಿಕೆಯಿಂದ ತುಸು ಸರಿದು ಕಲ್ಲು, ಕಬ್ಬಿಣ, ಕಾಂಕ್ರೀಟುಗಳ ವಿಚಾರವನ್ನು ತಮ್ಮ ಮುಂದಿಡಲು ನಾವು ಅಪ್ಪಣೆ ಬೇಡುತ್ತೇವೆ. ಹೆದ್ದಾರಿಗಳ ಸೇತುವೆಗಳಲ್ಲಿ ಯಾವುದರ ದುರಸ್ತಿಗೆ ಸರಕಾರದ ಹಣ ಮೊದಲು ಸಲ್ಲಬೇಕು, ಅದನ್ನು ನಿರ್ಣಯಿಸುವ ಕ್ರಮವೇನು, ಆ ನಿರ್ಣಯದಲ್ಲಿ ಗಡಿನಾಡಿನವರಾದ ನಮ್ಮ ಕರ್ತವ್ಯವೇನು ಎಂಬುದೇ ಇಂದಿನ ವಿಷಯ. ಕನ್ನಡ ಸಂಘಕ್ಕೂ ಸೇತುವೆಯ ದುರಸ್ತಿಗೂ ಏನು ಸಂಬಂಧವೆಂದು ಕೇಳುವವರಿದ್ದಾರು. ಆ ಸಂಬಂಧ ಮಾತು ಮುಂದುವರಿದಂತೆ ತಾನಾಗಿ ತೋರಿಬರುವುದೆಂದು ನಂಬಿದ್ದೇವೆ.

ನಮ್ಮ ಸೀಮೆಯಲ್ಲಿ ಸೇತುವೆ ಎಂಬ ಮಾತಿಗಿಂತ ಸಂಕ ಎಂಬ ಮಾತಿಗೇ ಬಳಕೆ ಹೆಚ್ಚು. ತೋಡಿನ ಮೇಲೆ ಅಡಕೆ ಮರದ ಕಾಂಡಗಳನ್ನು ಹಾಸಿ, ಕೈ ಹಿಡಿಯಲು ಒಂದು ಬಿದಿರನ್ನು ಕಟ್ಟಿದರೆ ಕಾಲುಸಂಕ ಸಿದ್ಧವಾಯಿತು. ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಮನೆಯ ಯಜಮಾನನು ಸಂಕದ ಮೇಲೆ ಕಾಲಿಟ್ಟು ಒತ್ತಿ ನೋಡುತ್ತಿದ್ದನು. ಮನೆಯ ಸುತ್ತ ಮೂರು ಸಂಕಗಳಿದ್ದು, ಕೈಯಲ್ಲಿ ಒಂದಕ್ಕೆ ಸಾಲುವಷ್ಟೇ ಮರವಿದ್ದರೆ ಅವನು ಏನು ಮಾಡುವನು? ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳುವನು. ಯಾವುದು ಹೆಚ್ಚು ಲಡ್ಡಾಗಿದೆ? ಯಾವುದರ ಮೇಲೆ ಯಾರು ಯಾರು ನಡೆಯುತ್ತಾರೆ? ಅದು ಮುರಿದುಬಿದ್ದರೆ ಬೇರೆ ದಾರಿಯುಂಟೋ ಇಲ್ಲವೋ? ತೋಟಕ್ಕೆ ಹೋಗುವ ಸಂಕ ಹೆಚ್ಚು ಕುಂಬಾಗಿದ್ದರೂ ಮಕ್ಕಳು ಶಾಲೆಗೆ ಹೋಗುವ ಸಂಕಕ್ಕೆ ಆ ಮರ ಸಲ್ಲುವುದುಂಟು. ಏಕೆಂದರೆ ತೋಟಕ್ಕೆ ಸುತ್ತಿ ಹೋಗಬಹುದು. ಶಾಲೆಗೆ ಅದೊಂದೇ ದಾರಿ. ಇಂದು ದೊಡ್ಡ ದೊಡ್ಡ ಸರಕಾರಗಳ ಇಂಜಿನಿಯರರು ಕೋಟ್ಯಂತರ ರೂಪಾಯಿಗಳ ಹಂಚಿಕೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಈ ಮೂರೇ.

ಹೊಳೆಗಳ ವಿಚಾರದಲ್ಲಿ ಕಾಸರಗೋಡಿಗಿಂತ ಸಿರಿವಂತ ಜಿಲ್ಲೆ ಅಪರೂಪ. ತಲಪಾಡಿಯಿಂದ ತೆಂಕಕ್ಕೆ ಹೊರಟವನು ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು ಹೊಳೆಗಳನ್ನು ದಾಟಬೇಕು. ಕಾಸರಗೋಡು ಪೇಟೆಯನ್ನು ಕಳೆದರೆ ಚಂದ್ರಗಿರಿ. ಬಡಗಕ್ಕೆ ಹೊರಟವನಿಗೆ ಮಂಗಳೂರಿನ ಬಾಗಿಲಲ್ಲಿ ನೇತ್ರಾವತಿ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಹೊಳೆಗಳ ಹರಿವು ಬದಲಾಗಲಿಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಪಯಸ್ವಿನಿ ಸುಳ್ಯವನ್ನು ಹಾದು ನಮ್ಮಲ್ಲಿಗೆ ಬಂದು ಚಂದ್ರಗಿರಿಯ ಮೂಲಕ ಇಂದಿಗೂ ಕಡಲು ಸೇರುತ್ತಿದ್ದಾಳೆ. ರೋಗ ಬಂದರೆ ಮಂಗಳೂರು, ಕಾಲೇಜಿಗೆ ಮಂಗಳೂರು, ಅಡಕೆಯ ಮಾರಾಟಕ್ಕೂ ಮಂಗಳೂರು ಎಂಬುದು ನಮ್ಮಲ್ಲಿ ಎಷ್ಟೋ ಮನೆಗಳ ದಿನಚರಿ. 2020ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ಗಡಿಯ ರಸ್ತೆಗಳು ಮುಚ್ಚಿದಾಗ, ಆಸ್ಪತ್ರೆಗೆ ತಲುಪಲಾರದೆ ರೋಗಿಗಳು ತೀರಿಕೊಂಡುದನ್ನು ನಾವು ಕಂಡೆವು. ದಾರಿಯೊಂದು ಕಡಿದರೆ ಏನಾಗುವುದೆಂಬ ಪಾಠವನ್ನು ಈ ಸಭೆಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ದೇಶದ ಲೆಕ್ಕವನ್ನು ನೋಡೋಣ. ರಾಷ್ಟ್ರೀಯ ಹೆದ್ದಾರಿಗಳ ಮೇಲಣ ಸೇತುವೆಗಳನ್ನು ಕೇಂದ್ರ ಸರಕಾರ ಎಣಿಸಿ ಬರೆದಿಟ್ಟ ಪಟ್ಟಿಯಲ್ಲಿ 1,72,517 ರಚನೆಗಳು ಸೇರಿದ್ದುವು. ಅವುಗಳಲ್ಲಿ 1,34,229 ಮೋರಿಗಳು, 32,806 ಚಿಕ್ಕ ಸೇತುವೆಗಳು, 3,647 ದೊಡ್ಡ ಸೇತುವೆಗಳು, 1,835 ಅತಿ ಉದ್ದದ ಸೇತುವೆಗಳು. ಇದು ರಾಷ್ಟ್ರೀಯ ಹೆದ್ದಾರಿಗಳ ಲೆಕ್ಕ ಮಾತ್ರ. ರಾಜ್ಯಗಳ ರಸ್ತೆಗಳ ಮೇಲಿರುವವು ಬೇರೆ. ಇಷ್ಟನ್ನೂ ಒಂದೇ ವರ್ಷದಲ್ಲಿ ದುರಸ್ತಿ ಮಾಡಬಲ್ಲ ಬೊಕ್ಕಸ ಯಾವ ದೇಶದಲ್ಲಿಯೂ ಇಲ್ಲ. ಆದುದರಿಂದ ಸರದಿ ಅನಿವಾರ್ಯ. ಸರದಿ ಎಂದರೆ ಒಂದು ಮೊದಲು, ಇನ್ನೊಂದು ಅನಂತರ. ಅನಂತರ ಎಂದು ಬರೆಯಲ್ಪಟ್ಟ ಸೇತುವೆಯ ಮೇಲೆಯೂ ಜನರು ನಡೆಯುತ್ತಲೇ ಇರುತ್ತಾರೆ ಎಂಬುದರಿಂದಲೇ ಈ ವಿಷಯಕ್ಕೆ ಗಾಂಭೀರ್ಯ ಬಂದಿದೆ.

ಈ ಪಟ್ಟಿಯ ವ್ಯವಸ್ಥೆ ವಿಧ್ಯುಕ್ತವಾಗಿ ಪ್ರಾರಂಭವಾದುದು ಒಂದು ದುರಂತದ ಬೆನ್ನಿಗೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ 66ನೆಯ ಹೆದ್ದಾರಿ, ಅಂದರೆ ನಮ್ಮ ಮನೆಗಳ ಮುಂದೆ ಹಾದುಹೋಗುವ ಇದೇ ಹೆದ್ದಾರಿ, ಮಹಾರಾಷ್ಟ್ರದ ಮಹಾಡದ ಬಳಿ ಸಾವಿತ್ರಿ ನದಿಯನ್ನು ದಾಟುತ್ತದೆ. ಅಲ್ಲಿ 1928ರಲ್ಲಿ ಕಟ್ಟಿದ ಕಲ್ಲಿನ ಕಮಾನುಗಳ ಸೇತುವೆಯೊಂದಿತ್ತು. 2016ರ ಆಗಸ್ಟ್ 2ರ ರಾತ್ರಿ, ನೆರೆ ಏರಿದ ಕತ್ತಲೆಯಲ್ಲಿ, ಅದು ಕುಸಿಯಿತು. ಎರಡು ಸಾರಿಗೆ ಬಸ್ಸುಗಳೂ ಇತರ ವಾಹನಗಳೂ ನದಿಯ ಪಾಲಾದುವು. ಆ ವರ್ಷದ ಮೇ ತಿಂಗಳಲ್ಲಿಯೇ ತಪಾಸಣೆಯಾಗಿತ್ತೆಂದೂ ಅಪಾಯವೇನೂ ಕಂಡುಬಂದಿರಲಿಲ್ಲವೆಂದೂ ಸರಕಾರ ಹೇಳಿತು. ನೋಡಿದ್ದರು, ಆದರೆ ಕಂಡಿರಲಿಲ್ಲ. ನೀರಿನ ಕೆಳಗೆ ಕಂಬದ ಬುಡದಲ್ಲಿ ನಡೆಯುವುದು ರಸ್ತೆಯ ಮೇಲೆ ನಿಂತವನಿಗೆ ಕಾಣುವುದು ಕಷ್ಟ.

ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ ಎಂಬುದನ್ನು ಕೇಂದ್ರ ಸರಕಾರ ಪ್ರಾರಂಭಿಸಿತು. ಅದರ ಕ್ರಮ ಹೀಗೆ: ಪ್ರತಿಯೊಂದು ಸೇತುವೆಗೂ ಒಂದು ಗುರುತಿನ ಸಂಖ್ಯೆ, ಭೂಪಟದಲ್ಲಿ ಅದರ ನಿಖರವಾದ ಸ್ಥಾನ, ಅದನ್ನು ಕಟ್ಟಿದ ರೀತಿ, ವಯಸ್ಸು, ಉದ್ದ ಅಗಲಗಳ ವಿವರ. ಅನಂತರ ಒಂದೊಂದು ಅಂಗಕ್ಕೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕ. ಇದಲ್ಲದೆ, ಸುತ್ತಣ ಜನರ ದಿನನಿತ್ಯದ ಬದುಕಿನಲ್ಲಿ ಆ ಸೇತುವೆಗೆ ಎಷ್ಟು ಮಹತ್ವವಿದೆ ಎಂಬುದಕ್ಕೆ ಸಾಮಾಜಿಕ, ಆರ್ಥಿಕ ದೃಷ್ಟಿಯ ಇನ್ನೊಂದು ಅಂಕ. ಮೊದಲನೆಯದು ಸಂಕ ಎಷ್ಟು ಲಡ್ಡಾಗಿದೆ ಎಂಬ ಪ್ರಶ್ನೆಗೆ ಉತ್ತರ. ಎರಡನೆಯದು ಅದರ ಮೇಲೆ ಯಾರು ನಡೆಯುತ್ತಾರೆ ಎಂಬುದಕ್ಕೆ. ನಮ್ಮ ಯಜಮಾನನ ಲೆಕ್ಕಾಚಾರವೇ ಕಡತದ ರೂಪ ತಾಳಿದೆ.

ಇತರ ದೇಶಗಳೂ ಹೀಗೆಯೇ ಪೆಟ್ಟು ತಿಂದು ಕಲಿತವು. ಅಮೆರಿಕೆಯಲ್ಲಿ ಓಹಾಯೊ ನದಿಯ ಮೇಲೆ ಸಿಲ್ವರ್ ಬ್ರಿಜ್ ಎಂಬ ತೂಗುಸೇತುವೆಯಿತ್ತು. ಅದೂ 1928ರಲ್ಲಿಯೇ ಕಟ್ಟಿದುದು. 1967ರ ಡಿಸೆಂಬರ್ 15ರ ಸಂಜೆ ಅದು ಬಿದ್ದು 46 ಮಂದಿ ಸತ್ತರು. ಸರಪಳಿಯ ಒಂದೇ ಒಂದು ಕೊಂಡಿಯಲ್ಲಿ ಹುಟ್ಟಿದ ಸಣ್ಣ ಬಿರುಕು ಅದಕ್ಕೆ ಕಾರಣ. ಆ ಬಳಿಕ ಅಲ್ಲಿ ಹೆದ್ದಾರಿ ಸೇತುವೆಗಳನ್ನು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ತಪಾಸಣೆ ಮಾಡಬೇಕೆಂಬ ನಿಯಮವು 1971ರಲ್ಲಿ ಜಾರಿಗೆ ಬಂದಿತು. ಹಣದ ಹಂಚಿಕೆಗಾಗಿ ಪ್ರತಿಯೊಂದು ಸೇತುವೆಗೂ ನೂರು ಅಂಕಗಳ ಪರೀಕ್ಷೆಯನ್ನು ಏರ್ಪಡಿಸಿದರು. ಅದರಲ್ಲಿ ಕಟ್ಟಡದ ಬಲಕ್ಕೆ 55, ಇಂದಿನ ಸಂಚಾರಕ್ಕೆ ಅದು ಒದಗುವ ಬಗೆಗೆ 30, ಜನರಿಗೆ ಅದರ ಅಗತ್ಯಕ್ಕೆ 15. ಒಟ್ಟು ಅಂಕ 80ಕ್ಕಿಂತ ಕಡಿಮೆಯಾದರೆ ದುರಸ್ತಿಗೂ 50ಕ್ಕಿಂತ ಕಡಿಮೆಯಾದರೆ ಹೊಸ ಸೇತುವೆಗೂ ಅರ್ಹತೆ. ಸೇತುವೆ ಇಲ್ಲವಾದರೆ ಎಷ್ಟು ದೂರ ಸುತ್ತಬೇಕು ಎಂಬುದೂ ಆ ಲೆಕ್ಕದಲ್ಲಿ ಸೇರಿತ್ತು.

ಆದರೆ ಅಂಕವೇ ಸರ್ವಸ್ವವಲ್ಲ. ಅದೇ ದೇಶದ ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪಿ ನದಿಯ ಮೇಲಣ ಹೆದ್ದಾರಿ ಸೇತುವೆಗೆ 2005ರಲ್ಲಿ 50 ಅಂಕ ಸಿಕ್ಕಿತ್ತು. 2007ರ ಆಗಸ್ಟ್ 1ರಂದು ಅದು ಕುಸಿದು 13 ಮಂದಿ ಸತ್ತರು. ತನಿಖೆ ಮಾಡಿದಾಗ, ಉಕ್ಕಿನ ತೊಲೆಗಳನ್ನು ಕೂಡಿಸುವ ಫಲಕಗಳನ್ನು ಮೂಲ ನಕ್ಷೆಯಲ್ಲಿಯೇ ಬೇಕಾದುದಕ್ಕಿಂತ ತೆಳುವಾಗಿ ಲೆಕ್ಕಹಾಕಿದ್ದರೆಂದು ತಿಳಿದುಬಂದಿತು. ಅಂಕ ಕೊಟ್ಟವರು ತುಕ್ಕನ್ನೂ ಬಿರುಕನ್ನೂ ನೋಡಿದ್ದರು. ನಲವತ್ತು ವರ್ಷಗಳ ಹಿಂದಿನ ಲೆಕ್ಕದ ತಪ್ಪನ್ನು ನೋಡಿರಲಿಲ್ಲ. 2012ರ ಶಾಸನದಿಂದ ಹಣದ ಹಂಚಿಕೆಗೆ ಆ ನೂರಂಕದ ಆಧಾರ ಅಲ್ಲಿಯೂ ತಪ್ಪಿತು.

ವಯಸ್ಸೊಂದನ್ನೇ ನೋಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಸಾವಿತ್ರಿಯ ಸೇತುವೆ 88 ವರ್ಷ ಬಾಳಿ ಬಿದ್ದಿತು. ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ನಾಲ್ಕು ದಶಕಗಳಷ್ಟೇ ಬಾಳಿ, 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ಬಿದ್ದಿತು. ಅದೂ ಇದೇ 66ನೆಯ ಹೆದ್ದಾರಿಯ ಮೇಲೆ. ಲಾರಿಯೊಂದು ನದಿಗೆ ಬಿದ್ದು, ಅದರ ಚಾಲಕನು ಹೇಗೋ ಬದುಕಿ ಉಳಿದನು. ನಮ್ಮ ನೆರೆಯ ಬಂಟವಾಳ ಸೀಮೆಯಲ್ಲಿ ಫಲ್ಗುಣಿಯ ಮೇಲಿದ್ದ ಮೂಲರಪಟ್ಣದ ಸೇತುವೆ ಸುಮಾರು ಮೂರು ದಶಕಗಳ ವಯಸ್ಸಿನಲ್ಲಿ, 2018ರ ಜೂನ್ 25ರಂದು ಕುಸಿಯಿತು. 1977ರಿಂದ 2017ರವರೆಗೆ ನಮ್ಮ ದೇಶದಲ್ಲಿ ಬಿದ್ದ ಸೇತುವೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ನೂರಕ್ಕೆ 80ರಷ್ಟು ನೆರೆಯೇ ಮೊದಲಾದ ಪ್ರಕೃತಿವಿಕೋಪಗಳಿಂದ ಬಿದ್ದುವೆಂದೂ, ಬಿದ್ದಾಗ ಅವುಗಳ ಸರಾಸರಿ ವಯಸ್ಸು 34.5 ವರ್ಷವೆಂದೂ ಕಂಡುಬಂದಿತು. ನೂರು ವರ್ಷ ಬಾಳಬೇಕಾದುದು ಯೌವನದಲ್ಲಿಯೇ ಮಡಿಯುತ್ತಿದೆ. ಆದುದರಿಂದ ಸೇತುವೆಯ ಜಾತಕ ನೋಡುವವನು ಹುಟ್ಟಿದ ವರ್ಷಕ್ಕಿಂತ ಹೊಳೆಯ ಸ್ವಭಾವವನ್ನೂ ಕಂಬದ ಬುಡವನ್ನೂ ಹೆಚ್ಚಾಗಿ ನೋಡಬೇಕು.

ಹಾಗಾದರೆ ವಾಹನಗಳ ಸಂಖ್ಯೆಯನ್ನು ನೋಡೋಣವೇ? ಒಂದು ಸಣ್ಣ ಲೆಕ್ಕ ಮಾಡೋಣ. ಇದು ನಾವು ಕಲ್ಪಿಸಿದ ಉದಾಹರಣೆ. ಒಂದು ಸೇತುವೆಯ ಮೇಲೆ ದಿನಕ್ಕೆ 20,000 ವಾಹನಗಳು ಓಡುತ್ತವೆ. ಅದು ಮುಚ್ಚಿದರೆ ಒಂದು ಕಿಲೋಮೀಟರು ಸುತ್ತಿದರೆ ಸಾಕು, ಬೇರೆ ಸೇತುವೆಯಿದೆ. ಇನ್ನೊಂದರ ಮೇಲೆ ಓಡುವುದು 600 ವಾಹನಗಳು ಮಾತ್ರ. ಆದರೆ ಅದು ಮುಚ್ಚಿದರೆ 30 ಕಿಲೋಮೀಟರು ಸುತ್ತಬೇಕು. ಮೊದಲನೆಯದರಿಂದ ದಿನಕ್ಕೆ ಬೀಳುವ ಹೆಚ್ಚಿನ ಓಡಾಟ ಒಟ್ಟು 20,000 ಕಿಲೋಮೀಟರು, ಎರಡನೆಯದರಿಂದ 18,000. ವಾಹನಗಳನ್ನು ಎಣಿಸಿದಾಗ ಮೂವತ್ತು ಪಾಲಿಗೂ ಮಿಕ್ಕಿ ಕಿರಿದಾಗಿದ್ದ ಸೇತುವೆ, ಜನರ ಕಷ್ಟವನ್ನು ಎಣಿಸಿದಾಗ ಬಹುಮಟ್ಟಿಗೆ ಸಮಾನವಾಗಿ ನಿಲ್ಲುತ್ತದೆ. ಇದರ ಮೇಲೆ ನಡೆದುಹೋಗುವ ಶಾಲೆಯ ಮಕ್ಕಳು ವಾಹನಗಳ ಎಣಿಕೆಯಲ್ಲಿ ಬರುವುದೇ ಇಲ್ಲ. ಹೆರಿಗೆಗೆ ಹೊರಟವಳಿಗೆ ಮೂವತ್ತು ಕಿಲೋಮೀಟರು ಎಂಬುದು ಬರಿಯ ದೂರವಲ್ಲ.

ಗಡಿನಾಡಿನ ಕಷ್ಟ ಇರುವುದು ಇಲ್ಲಿಯೇ. ಯಾವ ರಾಜ್ಯದ ನಕಾಶೆಯಲ್ಲಿಯೂ ಗಡಿಯ ಊರು ಕಾಗದದ ಅಂಚಿಗೆ ಬೀಳುತ್ತದೆ. ಅಲ್ಲಿಗೆ ರಸ್ತೆ ಮುಗಿಯಿತೆಂದು ತೋರುತ್ತದೆ. ರೋಗಿ ಒಂದು ರಾಜ್ಯದವನು, ಆಸ್ಪತ್ರೆ ಇನ್ನೊಂದು ರಾಜ್ಯದ್ದು. ಆ ದಾರಿಯ ಪ್ರಯೋಜನದ ಅರ್ಧ ಒಂದು ಕಡತದಲ್ಲಿ, ಇನ್ನರ್ಧ ಮತ್ತೊಂದರಲ್ಲಿ. ಎರಡನ್ನೂ ಕೂಡಿಸಿ ನೋಡುವ ಕಣ್ಣು ಇಲ್ಲದಿದ್ದರೆ ಎರಡು ಕಡೆಯಲ್ಲಿಯೂ ಅದು ಚಿಕ್ಕದಾಗಿಯೇ ಕಾಣುವುದು. ನಾವು ಪೆಟ್ರೋಲು, ಡೀಸೆಲುಗಳ ಮೇಲೆ ಕೊಡುವ ಸೆಸ್ಸಿನಿಂದ ತುಂಬುವ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿಯಲ್ಲಿ, ಅಂತರರಾಜ್ಯ ಸಂಪರ್ಕದ ರಸ್ತೆಗಳಿಗೂ ಸೇತುವೆಗಳಿಗೂ ನೆರವು ಕೊಡುವ ಏರ್ಪಾಡನ್ನು ಮಾಡಿದುದಕ್ಕೆ ಕಾರಣ ಇದೇ. ಆದರೆ ಬೇಡಿಕೆ ಹೋಗಬೇಕಾದುದು ರಾಜ್ಯದ ಮೂಲಕ. ರಾಜ್ಯಕ್ಕೆ ಅದನ್ನು ನೆನಪಿಸಬೇಕಾದವರು ಅಂಚಿನಲ್ಲಿ ವಾಸಿಸುವ ನಾವು.

ಹಣ ಹಂಚುವಾಗ ಇನ್ನೊಂದು ಮೋಸವಿದೆ. ಎಲ್ಲಕ್ಕಿಂತ ಕೆಟ್ಟುಹೋದುದಕ್ಕೇ ಎಲ್ಲ ಹಣವನ್ನೂ ಸುರಿಯುವುದು ನ್ಯಾಯವೆಂದು ಮೇಲುನೋಟಕ್ಕೆ ತೋರುತ್ತದೆ. ಹಾಗೆ ಮಾಡಿದರೆ ಇಂದು ಸಾಧಾರಣ ಸ್ಥಿತಿಯಲ್ಲಿರುವ ಹತ್ತು ಸೇತುವೆಗಳು ಆರೈಕೆಯಿಲ್ಲದೆ ನಾಳೆ ಕೆಟ್ಟವುಗಳ ಸಾಲಿಗೆ ಸೇರುತ್ತವೆ. ನೀರು ಹೋಗುವ ಕೊಳವೆಯ ಕಸ ತೆಗೆಯುವುದು, ಸಂದುಗಳನ್ನು ಮುಚ್ಚುವುದು, ಕಬ್ಬಿಣಕ್ಕೆ ಬಣ್ಣ ಬಳಿಯುವುದು, ಕಂಬದ ಬುಡಕ್ಕೆ ಕಲ್ಲು ತುಂಬುವುದು, ಇವು ಅಲ್ಪ ವೆಚ್ಚದ ಕೆಲಸಗಳು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಡವೆಂದು ನಮ್ಮ ಗಾದೆಯೇ ಎಚ್ಚರಿಸಿದೆ. ಆದುದರಿಂದ ನಿಧಿಯ ಒಂದು ಪಾಲನ್ನು ಇಂಥ ಆರೈಕೆಗೆಂದೇ ತೆಗೆದಿರಿಸಬೇಕು.

ಸರದಿ ಬರುವವರೆಗೆ ಏನು ಮಾಡಬೇಕೆಂಬುದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಗುಜರಾತಿನಲ್ಲಿ ವಡೋದರಾ ಮತ್ತು ಆಣಂದ ಜಿಲ್ಲೆಗಳನ್ನು ಕೂಡಿಸುತ್ತಿದ್ದ ಗಂಭೀರಾ ಸೇತುವೆ 1985ರಲ್ಲಿ ಕಟ್ಟಿದುದು. ಅದರ ಬದಲಿಗೆ ಹೊಸ ಸೇತುವೆಗೆ ಮಂಜೂರಾತಿಯೂ ದೊರೆತಿತ್ತು. ಹಳೆಯದು ಮಾತ್ರ ಸಂಚಾರಕ್ಕೆ ತೆರೆದೇ ಇತ್ತು. 2025ರ ಜುಲೈ 9ರ ಬೆಳಗ್ಗೆ ಅದು ಕಡಿದುಬಿದ್ದು ಇಪ್ಪತ್ತು ಮಂದಿಗೂ ಕಡಿಮೆಯಿಲ್ಲದಷ್ಟು ಜನ ಮಹೀ ನದಿಯಲ್ಲಿ ಪ್ರಾಣ ಕಳೆದುಕೊಂಡರು. ಕಾಗದದ ಮೇಲಿನ ಆದ್ಯತೆ ಕಂಬವನ್ನು ಎತ್ತಿಹಿಡಿಯಲಾರದು. ಸರದಿಯಲ್ಲಿ ನಿಂತ ಸೇತುವೆಗೆ ಭಾರದ ಮಿತಿಯ ಫಲಕ, ಭಾರದ ಲಾರಿಗಳಿಗೆ ತಡೆ, ನೆರೆಯ ಮಟ್ಟ ಮೀರಿದಾಗ ಸಂಚಾರ ನಿಲುಗಡೆ ಇವುಗಳನ್ನು ಕೂಡಲೇ ವಿಧಿಸಬೇಕು. ಆಗ ನಮಗೆ ತೊಂದರೆಯಾಗುವುದು ನಿಜ. ಆ ತೊಂದರೆಗೆ ಸಿಟ್ಟಾಗಿ, ಅಡ್ಡಕಟ್ಟಿದ ಬಿದಿರನ್ನು ಸರಿಸಿ ಬೈಕು ದಾಟಿಸುವವರು ನಮ್ಮಲ್ಲಿಯೂ ಇದ್ದಾರೆ ಎಂಬುದನ್ನು ಒಪ್ಪಿಕೊಳ್ಳೋಣ.

ಈಗ ನಮ್ಮ ಕರ್ತವ್ಯಕ್ಕೆ ಬರುತ್ತೇವೆ. ಮೊದಲನೆಯದು, ನೋಡುವುದು. ಪ್ರತಿವರ್ಷ ಮಳೆಗಾಲದ ಮೊದಲೊಮ್ಮೆ, ನೆರೆ ಇಳಿದ ಬಳಿಕ ಇನ್ನೊಮ್ಮೆ, ಊರಿನ ನಾಲ್ಕು ಮಂದಿ ದಡದ ಮೇಲೆ ನಿಂತು ತಮ್ಮ ಸೇತುವೆಯನ್ನು ನೋಡಲಿ. ಕಂಬದ ಬುಡದ ಮಣ್ಣು ಕೊಚ್ಚಿಹೋಗಿದೆಯೇ? ಕಾಂಕ್ರೀಟು ಉದುರಿ ಸರಳು ಹೊರಬಿದ್ದು ಕೆಂಪು ನೀರು ಒಸರುತ್ತಿದೆಯೇ? ಕೈಪಿಡಿಗೋಡೆಯ ಗೆರೆ ಎಲ್ಲಿಯಾದರೂ ತಗ್ಗಿದೆಯೇ? ಕಲ್ಲಿನ ಸಂದಿನಲ್ಲಿ ಅಶ್ವತ್ಥದ ಸಸಿ ಬೇರೂರಿದೆಯೇ? ಸಮೀಪದಲ್ಲಿ ಮರಳು ತೆಗೆಯುತ್ತಿದ್ದಾರೆಯೇ? ಕಂಡುದನ್ನು ತಾರೀಕು ಹಾಕಿ ಬರೆದು, ಚಿತ್ರ ತೆಗೆದಿಡಲಿ. ಇದು ಇಂಜಿನಿಯರರ ಪರೀಕ್ಷೆಗೆ ಬದಲಿಯಲ್ಲ; ಆದರೆ ಅವರು ಬರಬೇಕಾದ ಹೊತ್ತನ್ನು ತಿಳಿಸುವ ಗಂಟೆ.

ಎರಡನೆಯದು, ಕೇಳುವುದು. ರಸ್ತೆ ಯಾರದೆಂದು ಮೊದಲು ತಿಳಿಯಬೇಕು: ರಾಷ್ಟ್ರೀಯ ಹೆದ್ದಾರಿಯೋ, ಲೋಕೋಪಯೋಗಿ ಇಲಾಖೆಯದೋ, ಪಂಚಾಯತಿನದೋ. 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ತಪಾಸಣೆಯ ವರದಿಯನ್ನೂ ಅಂಕವನ್ನೂ ಸರದಿಯ ಪಟ್ಟಿಯನ್ನೂ ಕೇಳಬಹುದು. ಮನವಿಯನ್ನಾದರೋ ಕನ್ನಡದಲ್ಲಿಯೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ದೂರು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಅಧಿಕೃತ ಭಾಷೆಯ ಕಾನೂನು ಹೇಳುತ್ತದೆ. ನುಡಿಗೂ ಸೇತುವೆಗೂ ಏನು ಸಂಬಂಧವೆಂದು ಕೇಳಿದವರಿಗೆ ಇದೇ ನಮ್ಮ ಉತ್ತರ. ಹೊಳೆಯ ಬದಿಯ ಮುದುಕಿ ತಾನು ಕಂಡ ಬಿರುಕನ್ನು ತನ್ನ ಮಾತಿನಲ್ಲಿ ಹೇಳಲು ಶಕ್ತಳಾದರೆ ಮಾತ್ರ ಅದು ಕಡತಕ್ಕೆ ಏರೀತು. ಭಾಷೆಯ ಹಕ್ಕು ಉತ್ಸವದ ದಿನದ ಅಲಂಕಾರವಲ್ಲ, ಪ್ರಾಣರಕ್ಷಣೆಯ ಉಪಕರಣ.

ಮೂರನೆಯದು ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಪ್ರತಿಯೊಂದು ಊರೂ ತನ್ನ ಸೇತುವೆಯೇ ಮೊದಲೆಂದು ಕೂಗಿದರೆ, ಗಟ್ಟಿಯಾಗಿ ಕೂಗಿದವರಿಗೆ ಹಣ ಸಲ್ಲುವುದು; ಬಾಯಿಲ್ಲದವರ ಸೇತುವೆ ಹೊಳೆಗೆ ಸಲ್ಲುವುದು. ಪಟ್ಟಿ ಬಹಿರಂಗವಾಗಿರಲಿ, ಅಂಕ ಕೊಟ್ಟ ಕಾರಣ ತಿಳಿದಿರಲಿ, ಸುತ್ತುದಾರಿಯ ದೂರವೂ ನಡೆದು ಹೋಗುವವರ ಸಂಖ್ಯೆಯೂ ಗಡಿಯ ಆಚೆಯ ಪ್ರಯೋಜನವೂ ಅದರಲ್ಲಿ ಸೇರಿರಲಿ ಎಂದು ನಾವು ಹಟ ಹಿಡಿಯೋಣ. ಹಾಗೆ ನ್ಯಾಯವಾಗಿ ಆದ ಪಟ್ಟಿಯಲ್ಲಿ ನಮ್ಮ ಸೇತುವೆಗೆ ಏಳನೆಯ ಸ್ಥಾನ ಬಂದರೆ, ಮೊದಲ ಆರು ಊರುಗಳ ಹೆಸರನ್ನು ಓದಿ, ಸರಿ, ಅವರದು ಮೊದಲಾಗಲಿ ಎನ್ನುವ ಮನಸ್ಸೂ ನಮಗಿರಬೇಕು. ಆ ಆರು ಊರುಗಳವರು ಕನ್ನಡವನ್ನಾಡುವವರೇ, ಮಲೆಯಾಳವನ್ನಾಡುವವರೇ, ತುಳುವರೇ ಎಂದು ಹೊಳೆ ಕೇಳುವುದಿಲ್ಲ, ನಾವೂ ಕೇಳಬಾರದು.

ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಾವು ಮಾಡುವ ವಿಜ್ಞಾಪನೆ ಇಷ್ಟೇ. ಬರುವ ಪತ್ತನಾಜೆಯ ಮೊದಲು ನಮ್ಮ ಸದಸ್ಯರ ಊರುಗಳಲ್ಲಿರುವ ಸೇತುವೆ, ಮೋರಿ, ಕಾಲುಸಂಕಗಳ ಒಂದು ದಾಖಲೆಯ ಪುಸ್ತಕವನ್ನು ಸಂಘವು ತೆರೆಯಲಿ. ಶಾಲೆಯ ಮಕ್ಕಳು ಅದರಲ್ಲಿ ಬರೆಯಲಿ, ಹಿರಿಯರು ಸಹಿ ಹಾಕಲಿ, ಅದರ ಪ್ರತಿಯೊಂದು ಇಲಾಖೆಗೆ ಹೋಗಲಿ. ಮುಂದಿನ ವಾರ್ಷಿಕೋತ್ಸವಕ್ಕೆ ತಾವೆಲ್ಲರೂ ಹೊಳೆಗಳನ್ನು ದಾಟಿ ಕ್ಷೇಮವಾಗಿ ಇಲ್ಲಿ ಸೇರುವಂತಾಗಲಿ ಎಂದು ಹಾರೈಸುತ್ತೇವೆ.